ಮನೆಗೆ ಬರುವ ಡಿಎನ್‌ಎ ಕಿಟ್, ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗ್: ಎರಡನ್ನೂ ಮಾಡಿಸಿದ ಮೇಲೆ

ಡಿಎನ್‌ಎ ಕಿಟ್ ತಗೊಳ್ಳಬಹುದಾ ಅಂತ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಉಗುಳು ತುಂಬಿಸಿ ಕಳಿಸಿದರೆ ನಮ್ಮ ಮೂಲ, ಆರೋಗ್ಯದ ಬಗ್ಗೆ ವರದಿ ಕೊಡುವ ಡಬ್ಬಿ ಅದು. ನಮ್ಮ ಮನೆಯಲ್ಲಿ ಅಮ್ಮ, ನಾನು, ತಮ್ಮ ಮೂವರೂ ಮಾಡಿಸಿದ್ದೇವೆ. ಅದಾದ ಸ್ವಲ್ಪ ಕಾಲಕ್ಕೆ ಮನೆಯೊಳಗಿನ ಒಂದು ಮದುವೆ ಮಾತುಕತೆಗಾಗಿ ಬೆಂಗಳೂರಿನ ಒಂದು ಆಸ್ಪತ್ರೆಯ ಜೆನೆಟಿಕ್ ಕೌನ್ಸೆಲಿಂಗ್‌ಗೂ ಹೋಗಿ ಬಂದೆವು, ಮನೆತನದಲ್ಲಿ ಹರಿದುಬರುವ ಕಾಯಿಲೆಗಳ ಬಗ್ಗೆ ಕೂರಿಸಿ ತಿಳಿಸಿ ಹೇಳುವ ಸೇವೆ ಅದು. ಎರಡನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ, ಯಾಕೆಂದರೆ ಮೊದಲನೆಯದಕ್ಕೆ ಸಾವಿರಾರು ರೂಪಾಯಿ ಖರ್ಚು ಮಾಡುವ ಎಷ್ಟೋ ಜನ ಎರಡನೆಯದರ ಹೆಸರನ್ನೇ ಕೇಳಿಲ್ಲ. ಕಿಟ್‌ಗೆ ನಾನು ಐದಕ್ಕೆ ಎರಡೂವರೆ ಕೊಡುತ್ತೇನೆ. ಕೌನ್ಸೆಲಿಂಗ್‌ಗೆ ನಾಲ್ಕೂವರೆ. ಕಂಪನಿಯ ಹೆಸರು, ಆಸ್ಪತ್ರೆಯ ಹೆಸರು ಹಾಕುತ್ತಿಲ್ಲ. ಈ ತರಹದ ಕಿಟ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ರೀತಿ ಕೆಲಸ ಮಾಡುತ್ತವೆ, ನಾನು ಹೇಳುವ ಕೊರತೆಗಳೂ ಹೆಚ್ಚುಕಮ್ಮಿ ಎಲ್ಲಕ್ಕೂ ಸೇರಿದವು.

ಡಬ್ಬಿ ಚೆನ್ನಾಗಿದೆ. ಒಳಗೆ ಒಂದು ಟ್ಯೂಬು, ಅದರ ಬಾಯಿಗೆ ಆಲಿಕೆ, ಮುಚ್ಚಳದಲ್ಲಿ ಒಂದು ದ್ರವ. ಅರ್ಧ ಗಂಟೆ ಏನೂ ತಿನ್ನದೆ ಕುಡಿಯದೆ ಇದ್ದು, ಗೆರೆ ಮುಟ್ಟುವವರೆಗೆ ಉಗುಳು ತುಂಬಿಸಿ, ಮುಚ್ಚಳ ಒತ್ತಿದರೆ ದ್ರವ ಕೆಳಗಿಳಿದು ಸೇರಿಕೊಳ್ಳುತ್ತದೆ, ಡಿಎನ್‌ಎ ಕೆಡದ ಹಾಗೆ ಕಾಪಾಡುವುದು ಅದೇ. ನನಗೂ ತಮ್ಮನಿಗೂ ಸುಲಭವಾಗಿ ಆಯಿತು. ಅಮ್ಮನಿಗೆ ಶುಗರ್ ಮಾತ್ರೆ, ಬಿಪಿ ಮಾತ್ರೆ ಎರಡೂ ಇವೆ, ಬಾಯಿ ಒಣಗುತ್ತದೆ, ತುಂಬಾ ಹೊತ್ತು ಕೂತು ಸುಸ್ತಾದರು. ವಯಸ್ಸಾದವರಿಗೆ ಕೆನ್ನೆ ಒಳಗೆ ಉಜ್ಜುವ ಹತ್ತಿಕಡ್ಡಿಯ ಕಿಟ್ ಸಿಕ್ಕರೆ ಅದನ್ನೇ ತರಿಸಿ.

ನನಗೆ ನಿಜಕ್ಕೂ ಬೇಸರ ಆಗಿದ್ದು ಒಪ್ಪಿಗೆ ಪತ್ರ ನೋಡಿ. ಪೂರ್ತಿ ಇಂಗ್ಲಿಷಿನಲ್ಲಿತ್ತು, ಕನ್ನಡದ ಒಂದು ಸಾಲೂ ಇರಲಿಲ್ಲ. "ಸಂಶೋಧನೆಗೆ ಬಳಸಿಕೊಳ್ಳಬಹುದು" ಅನ್ನುವ ಜಾಗದಲ್ಲಿ ಟಿಕ್ ಮೊದಲೇ ಬಿದ್ದಿತ್ತು. ಅಮ್ಮ "ಎಲ್ಲಿ ಒತ್ತಬೇಕು ಹೇಳಮ್ಮ" ಅಂದರು. ನಾನು ಕೂತು ಪ್ರತಿ ಸಾಲನ್ನೂ ಕನ್ನಡದಲ್ಲಿ ಹೇಳಿದೆ, ಅದೆಲ್ಲ ಕೇಳಿದ ಮೇಲೆ ಅವರು ಆ ಟಿಕ್ ತೆಗೆಸಿದರು. ಮಕ್ಕಳು ಪಕ್ಕದಲ್ಲಿ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ವಿಳಾಸಕ್ಕೆ ಮಾರುವವರಿಗೆ ಎರಡು ಪುಟ ಕನ್ನಡದಲ್ಲಿ ಬರೆಸುವುದು ಕಷ್ಟದ ಕೆಲಸವೇನಲ್ಲ.

ಜಾಹೀರಾತಿನಲ್ಲಿ "ನಿಮ್ಮ ಡಿಎನ್‌ಎ ಪೂರ್ತಿ ತಿಳಿಯಿರಿ" ಅಂತ ಇರುತ್ತದೆ. ಅದು ನಿಜವಲ್ಲ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಇಬ್ಬರು ಬೇರೆ ಬೇರೆ ಮನುಷ್ಯರನ್ನು ಹೋಲಿಸಿದರೆ ಸಾವಿರಕ್ಕೆ ಒಂದರಷ್ಟು ಕಡೆ ಮಾತ್ರ ವ್ಯತ್ಯಾಸ ಕಾಣುತ್ತದೆ. ಈ ಕಿಟ್‌ಗಳು ಬಳಸುವ ಚಿಪ್ ಮೊದಲೇ ಗೊತ್ತುಮಾಡಿದ ಆರೇಳು ಲಕ್ಷ ಜಾಗಗಳನ್ನು ಮಾತ್ರ ನೋಡುತ್ತದೆ. ಆ ಜಾಗಗಳನ್ನು ಆರಿಸಿದ್ದು ಹೆಚ್ಚಾಗಿ ಯುರೋಪಿನ ಜನರ ಮೇಲೆ ನಡೆದ ಅಧ್ಯಯನಗಳಿಂದ. ನಮ್ಮ ಕಡೆ ಮಾತ್ರ ಕಾಣುವ ಬದಲಾವಣೆ ಚಿಪ್‌ನಲ್ಲಿ ಇಲ್ಲದಿದ್ದರೆ ಅದು ವರದಿಯಲ್ಲಿ ಬರುವುದೇ ಇಲ್ಲ. ಮುಂದೆ ನಾನು ಹೇಳುವ ಅರ್ಧ ದೂರುಗಳಿಗೆ ಇದೇ ಕಾರಣ.

ಈಗ ಎಲ್ಲರೂ ಆಸೆಪಟ್ಟು ನೋಡುವ ಭಾಗ, ಮೂಲ ಎಲ್ಲಿಯದು ಅನ್ನುವ ಬಣ್ಣದ ಚಕ್ರ. ನನ್ನದರಲ್ಲಿ ತೊಂಬತ್ತಕ್ಕಿಂತ ಹೆಚ್ಚು ಪಾಲು "ದಕ್ಷಿಣ ಭಾರತ ಮತ್ತು ಶ್ರೀಲಂಕಾ", ಮಿಕ್ಕಿದ್ದು "ಮಧ್ಯ ಏಷ್ಯಾ", "ಉತ್ತರ ಭಾರತ" ಅಂತ ಚೂರುಪಾರು. ನಾವು ಹಾಸನದ ಕಡೆಯವರು. ದಕ್ಷಿಣ ಭಾರತದವರು ಅಂತ ತಿಳಿಯಲು ಯಾರೂ ದುಡ್ಡು ಕೊಡುವುದಿಲ್ಲ ಅಲ್ವಾ. ತಮ್ಮನ ಚಕ್ರದಲ್ಲಿ ಆ ಚೂರುಗಳ ಅಳತೆಯೇ ಬೇರೆ, ಮಧ್ಯ ಏಷ್ಯಾ ಇಲ್ಲವೇ ಇಲ್ಲ. ಒಂದೇ ಅಪ್ಪ ಅಮ್ಮನ ಮಕ್ಕಳಿಗೆ ಹೀಗೆ ಬರುವುದರಲ್ಲಿ ಆಶ್ಚರ್ಯ ಇಲ್ಲ. ಇಸ್ಪೀಟು ಎಲೆ ಪ್ರತಿ ಸಲ ಹೊಸದಾಗಿ ಕಲೆಸಿ ಹಂಚಿದ ಹಾಗೆ ಪ್ರತಿ ಮಗುವಿಗೂ ಅಪ್ಪ ಅಮ್ಮನ ಅರ್ಧರ್ಧ ಬೇರೆ ಬೇರೆ ಜೋಡಣೆಯಲ್ಲಿ ಸಿಗುತ್ತದೆ. ಒಡಹುಟ್ಟಿದವರು ಸರಾಸರಿ ಅರ್ಧದಷ್ಟು ಹಂಚಿಕೊಂಡಿರುತ್ತಾರೆ, ಕೆಲವರಲ್ಲಿ ಅದು ಅರ್ಧಕ್ಕಿಂತ ಸಾಕಷ್ಟು ಕಡಿಮೆ, ಕೆಲವರಲ್ಲಿ ಸಾಕಷ್ಟು ಜಾಸ್ತಿ. ಆದರೆ ಕೆಲವು ತಿಂಗಳ ನಂತರ ಆ್ಯಪ್ ಅಪ್‌ಡೇಟ್ ಆಗಿ ನನ್ನ ಮಧ್ಯ ಏಷ್ಯಾ ಕೂಡ ಮಾಯವಾಯಿತು. ನನ್ನ ಡಿಎನ್‌ಎ ಬದಲಾಗಲಿಲ್ಲ. ಅವರು ಹೋಲಿಸಿ ನೋಡುವ ಜನರ ಪಟ್ಟಿ ಬದಲಾಯಿತು, ಅಷ್ಟೇ.

ಈ ಚಕ್ರ ಯಾರಿಗೆ ಕೆಲಸ ಮಾಡುತ್ತದೆ, ಯಾರಿಗೆ ಮಾಡುವುದಿಲ್ಲ ಅನ್ನುವುದನ್ನು ಕಂಪನಿಯವರು ಎಲ್ಲೂ ಹೇಳುವುದಿಲ್ಲ. ದೂರದ ಎರಡು ಜನಸಮುದಾಯ ಹತ್ತಿರದ ಕಾಲದಲ್ಲಿ ಬೆರೆತಿದ್ದರೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನಮ್ಮ ಉತ್ತರ ಕನ್ನಡದ ಸಿದ್ದಿಗಳನ್ನೇ ನೋಡಿ. ಯಲ್ಲಾಪುರ, ಹಳಿಯಾಳ, ಅಂಕೋಲಾ ಕಡೆಯ ಸಿದ್ದಿಗಳ ಪೂರ್ವಿಕರು ಆಫ್ರಿಕಾದಿಂದ ಬಂದವರು, ಹಲವರನ್ನು ಪೋರ್ಚುಗೀಸರು ಗುಲಾಮರಾಗಿ ತಂದದ್ದು. 2011ರಲ್ಲಿ ಪ್ರಕಟವಾದ ಅಧ್ಯಯನ ಅವರ ಡಿಎನ್‌ಎಯಲ್ಲಿ ಆಫ್ರಿಕಾದ ಬಂಟು ಭಾಷೆಗಳನ್ನಾಡುವ ಜನರ ಪಾಲನ್ನೂ, ಇಲ್ಲಿನವರ ಜೊತೆ ಬೆರೆತ ಪಾಲನ್ನೂ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿತು. ಬೆರೆತದ್ದು ಸುಮಾರು 200 ವರ್ಷದ ಹಿಂದೆ ಅನ್ನುವ ಅಂದಾಜೂ ಕೊಟ್ಟಿತು.

ನಮ್ಮಂಥ ಉಳಿದವರ ಕಥೆ ಹಾಗಿಲ್ಲ. ಹೈದರಾಬಾದಿನ ಜೀವಕೋಶ, ಡಿಎನ್‌ಎ ಸಂಶೋಧನಾ ಸಂಸ್ಥೆ ಸಿಸಿಎಂಬಿಯ ತಂಗರಾಜ್, ಲಾಲ್ಜಿ ಸಿಂಗ್, ಹಾರ್ವರ್ಡ್‌ನ ಡೇವಿಡ್ ರೈಕ್ ಮತ್ತು ಸಂಗಡಿಗರು 2009ರಲ್ಲಿ ತೋರಿಸಿದ್ದು ಏನೆಂದರೆ, ಇಂದಿನ ಬಹುತೇಕ ಭಾರತೀಯರು ಎರಡು ಹಳೆಯ ಜನಸಮುದಾಯಗಳ ಮಿಶ್ರಣ, ಪ್ರಮಾಣ ಮಾತ್ರ ಊರು ಜಾತಿಗೆ ತಕ್ಕ ಹಾಗೆ ಹೆಚ್ಚುಕಡಿಮೆ. 2013ರ ಇನ್ನೊಂದು ಅಧ್ಯಯನ ಈ ಬೆರಕೆ ನಡೆದದ್ದು ಸುಮಾರು 4,200ರಿಂದ 1,900 ವರ್ಷಗಳ ಹಿಂದೆ ಅಂತ ಲೆಕ್ಕ ಹಾಕಿತು. ಆಮೇಲೆ ಬೆರೆಯುವುದು ನಿಂತಿತು, ಜಾತಿಯೊಳಗೇ ಮದುವೆ ಅನ್ನುವ ಕಟ್ಟುಪಾಡು ಬಿಗಿಯಾಯಿತು. 2019ರಲ್ಲಿ ಹರಿಯಾಣದ ರಾಖಿಗಢಿಯ, ಸಿಂಧೂ ನಾಗರಿಕತೆಯ ಕಾಲದ ಒಬ್ಬ ಹೆಂಗಸಿನ ಅಸ್ಥಿಪಂಜರದ ಡಿಎನ್‌ಎ ಓದಿದಾಗ ಅದರಲ್ಲಿ ಮಧ್ಯ ಏಷ್ಯಾ ಆಚೆಗಿನ ಸ್ಟೆಪ್ ಹುಲ್ಲುಗಾವಲಿನ ಕಡೆಯಿಂದ ಬಂದವರ ಪಾಲು ಇರಲಿಲ್ಲ, ಅಂದರೆ ಆ ಪಾಲು ನಮ್ಮಲ್ಲಿ ಸೇರಿದ್ದು ಆಮೇಲೆ. ಇಷ್ಟು ಹಳೆಯ, ಎಲ್ಲರಲ್ಲೂ ಹರಡಿಹೋದ ಬೆರಕೆಯನ್ನು ಬಣ್ಣದ ಚಕ್ರದಲ್ಲಿ "ಇಷ್ಟು ಶೇಕಡಾ ಈ ಊರು" ಅಂತ ತೋರಿಸಲು ಬರುವುದಿಲ್ಲ. ನನಗೆ ಬೇಕಿದ್ದದ್ದು ಈ ಕಥೆಯಲ್ಲಿ ನಮ್ಮ ಮನೆಯ ಜಾಗ ಎಲ್ಲಿ ಅನ್ನುವುದು. ವರದಿಯಲ್ಲಿ ಅದರ ಒಂದು ಸಾಲೂ ಇಲ್ಲ. ಮಸಾಲೆ ಮಾರ್ಗ, ಆನೆ, ದೇವಸ್ಥಾನದ ಚಿತ್ರ ಇರುವ ಎರಡು ಪುಟ ಇತ್ತು.

ಇದು ಸುಧಾರಿಸಬಹುದು. ನಮ್ಮ ಬೆಂಗಳೂರಿನ ಐಐಎಸ್‌ಸಿ ಆವರಣದ ಮಿದುಳು ಸಂಶೋಧನಾ ಕೇಂದ್ರ ಮುಂದಾಳಾಗಿ, ದೇಶದ 20 ಸಂಸ್ಥೆಗಳು ಸೇರಿ ನಡೆಸಿದ ಜೀನೋಮ್ ಇಂಡಿಯಾ ಯೋಜನೆಯಲ್ಲಿ 10,000 ಭಾರತೀಯರ ಪೂರ್ತಿ ಜೀನೋಮ್, ಅಂದರೆ ಇಡೀ ಡಿಎನ್‌ಎ, ಓದಿದ್ದಾರೆ. ಚಿಪ್ ಅಲ್ಲ, ಪೂರ್ತಿ. 2025ರ ಜನವರಿಯಲ್ಲಿ ಆ ಮಾಹಿತಿಯನ್ನು ಸಂಶೋಧಕರಿಗೆ ತೆರೆದರು. ಕಿಟ್ ಕಂಪನಿಗಳು ಇಂಥ ಕೆಲಸದ ಆಧಾರದ ಮೇಲೆ ಭಾರತಕ್ಕೆಂದೇ ಬೇರೆ ಚಿಪ್ ಮಾಡುವ ತನಕ ಮೂಲ ತಿಳಿಯುವ ಆಸೆಗೆ ದುಡ್ಡು ಹಾಕಬೇಡಿ ಅನ್ನುತ್ತೇನೆ.

ಕಿಟ್‌ನಲ್ಲಿ ನನಗೆ ಮನಸ್ಸಿಗೆ ಹಿಡಿಸಿದ್ದು ತಾಯಿ ಸಾಲು, ತಂದೆ ಸಾಲಿನ ಭಾಗ. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾದ ಡಿಎನ್‌ಎ ತಾಯಿಯಿಂದ ಎಲ್ಲ ಮಕ್ಕಳಿಗೂ ಬರುತ್ತದೆ, ಮುಂದಕ್ಕೆ ಹೋಗುವುದು ಹೆಣ್ಣುಮಕ್ಕಳ ಮೂಲಕ ಮಾತ್ರ. ವೈ ಕ್ರೋಮೋಸೋಮ್ ಅಪ್ಪನಿಂದ ಮಗನಿಗೆ. ಅಮ್ಮನದು, ನನ್ನದು, ತಮ್ಮನದು ಮೂರೂ ಎಂ ಗುಂಪು ಅಂತ ಬಂತು. ಭಾರತದಲ್ಲಿ ಅರ್ಧಕ್ಕಿಂತ ಹೆಚ್ಚು ಜನರ ತಾಯಿ ಸಾಲು ಎಂ ಗುಂಪಿನದೇ. ಆಫ್ರಿಕಾ ಬಿಟ್ಟು ಬಂದ ಮೊದಲ ಜನರ ಜೊತೆಗೆ ಹತ್ತಾರು ಸಾವಿರ ವರ್ಷಗಳ ಹಿಂದೆ ಈ ಕಡೆಗೆ ಬಂದ ಸಾಲು ಅದು. ಇನ್ನೂ ಹಿಂದೆ ಹೋದರೆ ಇವತ್ತು ಬದುಕಿರುವ ಎಲ್ಲರ ತಾಯಿ ಸಾಲೂ ಆಫ್ರಿಕಾದ ಒಬ್ಬ ಹೆಂಗಸಿನಲ್ಲಿ ಸೇರುತ್ತದೆ ಅಂತ 1987ರಲ್ಲಿ ರೆಬೆಕಾ ಕ್ಯಾನ್, ಮಾರ್ಕ್ ಸ್ಟೋನ್‌ಕಿಂಗ್, ಅಲನ್ ವಿಲ್ಸನ್ ತೋರಿಸಿದರು. ಆಗ ಅವಳೊಬ್ಬಳೇ ಇದ್ದಳು ಅಂತ ಅರ್ಥ ಅಲ್ಲ. ಬೇರೆ ಹೆಂಗಸರೂ ಇದ್ದರು, ಅವರ ಸಾಲು ಎಲ್ಲೋ ಒಂದು ಕಡೆ ಬರೀ ಗಂಡುಮಕ್ಕಳಾಗಿಯೋ ಮಕ್ಕಳಿಲ್ಲದೆಯೋ ನಿಂತಿತು. ಅಮ್ಮನಿಗೆ ಇದನ್ನು ಹೇಳಿದಾಗ ಅವರ ಅಮ್ಮ, ಅಜ್ಜಿ, ಮುತ್ತಜ್ಜಿಯ ಹೆಸರು ಹೇಳಿದರು. ಅದರ ಹಿಂದಿನದು ಅವರಿಗೆ ಗೊತ್ತಿರಲಿಲ್ಲ. ಗಂಡಸರ ಹೆಸರು ಎಷ್ಟೋ ತಲೆಮಾರು ಹಿಂದಿನವರೆಗೂ ಹೇಳುವ ಮನೆ ನಮ್ಮದು, ಹೆಂಗಸರದು ಮೂರಕ್ಕೇ ನಿಲ್ಲುತ್ತದೆ.

ಒಂದು ಎಚ್ಚರಿಕೆ ಮಾತ್ರ ಬೇಕು. ಹತ್ತು ತಲೆಮಾರು ಹಿಂದೆ ನಿಮಗೆ 1,024 ಪೂರ್ವಿಕರ ಜಾಗ ಇರುತ್ತದೆ. ತಾಯಿ ಸಾಲು ಅದರಲ್ಲಿ ಒಬ್ಬರದು, ತಂದೆ ಸಾಲು ಇನ್ನೊಬ್ಬರದು. ತಮ್ಮನ ವೈ ಗುಂಪು ನೋಡಿ ಯಾರೋ ನೆಂಟರು "ನಮ್ಮ ಕುಲ ಅಲ್ಲಿಂದ ಬಂದದ್ದು" ಅಂತ ಹೇಳಲು ಶುರು ಮಾಡಿದರು. ಅಷ್ಟು ದೊಡ್ಡ ಮಾತಿಗೆ ಅದು ಆಧಾರವಲ್ಲ. ಯಾವ ಗುಂಪೂ ಒಂದೇ ಜಾತಿಗೆ ಸೇರಿದ್ದಲ್ಲ, ಒಂದೇ ಜಾತಿಯಲ್ಲಿ ಹಲವು ಗುಂಪುಗಳು ಸಿಗುತ್ತವೆ.

ನೆಂಟರನ್ನು ಹುಡುಕಿಕೊಡುವ ಭಾಗ ನಮ್ಮವರಿಗೆ ದಾರಿ ತಪ್ಪಿಸುತ್ತದೆ. ಮುಖವೇ ನೋಡದ ರಾಶಿ ಜನರನ್ನು "ಹತ್ತಿರದ ಸಂಬಂಧ" ಅಂತ ತೋರಿಸಿತು. ತಲತಲಾಂತರದಿಂದ ಒಳಗೊಳಗೇ ಮದುವೆ ಆಗುತ್ತ ಬಂದ ಗುಂಪುಗಳಲ್ಲಿ ದೂರದವರೂ ಹತ್ತು ದಾರಿಗಳಿಂದ ಸ್ವಲ್ಪ ಸ್ವಲ್ಪ ಹಂಚಿಕೊಂಡಿರುತ್ತಾರೆ, ಎಲ್ಲ ಕೂಡಿಸಿದರೆ ಹತ್ತಿರದವರ ಹಾಗೆ ಕಾಣುತ್ತಾರೆ. ನಮ್ಮ ಮನೆಯಲ್ಲಂತೂ ಅಜ್ಜಿ ಮದುವೆಯಾಗಿದ್ದು ಸೋದರಮಾವನನ್ನು. ಹಾಗಾಗಿ ಅಮ್ಮನಿಗೆ ಒಂದೇ ದಂಪತಿ ಅಪ್ಪನ ಕಡೆಯಿಂದ ಅಜ್ಜ ಅಜ್ಜಿ, ಅಮ್ಮನ ಕಡೆಯಿಂದ ಮುತ್ತಜ್ಜ ಮುತ್ತಜ್ಜಿ. ಸೋದರಮಾವ ಮತ್ತು ಅಕ್ಕನ ಮಗಳ ಮಕ್ಕಳಲ್ಲಿ ಸರಾಸರಿ ಎಂಟನೇ ಒಂದು ಭಾಗ ಡಿಎನ್‌ಎ ಅಪ್ಪನ ಕಡೆಯದೂ ಅಮ್ಮನ ಕಡೆಯದೂ ಒಂದೇ ಆಗಿರುತ್ತದೆ. ಆರೇಳು ಲಕ್ಷ ಜಾಗ ನೋಡಿದ ಚಿಪ್‌ಗೆ ಇದು ಚೆನ್ನಾಗಿ ಕಾಣುತ್ತದೆ. ದಕ್ಷಿಣ ಭಾರತದ ಮನೆಗಳಿಗೆ ಆ ಕಿಟ್ ಹೇಳಬಹುದಾಗಿದ್ದ ಅತ್ಯಂತ ಉಪಯೋಗದ ವಿಷಯ ಅದೇ. ವರದಿಯಲ್ಲಿ ಅದು ಇಲ್ಲ.

ಗುಣಲಕ್ಷಣಗಳ ಪುಟ ಓದಲು ಖುಷಿ. ಕಿವಿಯ ಗುಗ್ಗೆ ಒಣದೋ ಜಿಗುಟೋ, ಕಹಿ ನಾಲಗೆಗೆ ಎಷ್ಟು ತಟ್ಟುತ್ತದೆ, ಇಂಥವು. ಹಾಲಿನ ವಿಷಯ ಸ್ವಲ್ಪ ಹೇಳಬೇಕು. ದೊಡ್ಡವರಾದ ಮೇಲೂ ಹಾಲಿನ ಸಕ್ಕರೆ ಅರಗಿಸಿಕೊಳ್ಳುವ ಶಕ್ತಿ ಉಳಿಸುವ ಒಂದು ಬದಲಾವಣೆ ಇದೆ. ಯುರೋಪಿನಲ್ಲಿ ಇರುವುದೇ ಭಾರತದಲ್ಲೂ ಇದೆ, ವಾಯವ್ಯದಲ್ಲಿ ಹೆಚ್ಚು, ದಕ್ಷಿಣಕ್ಕೆ ಬಂದಂತೆ ಕಡಿಮೆ. ದನ ಸಾಕಿ ಹಾಲನ್ನೇ ನಂಬಿದ ಜನರಲ್ಲಿ ಅದು ಬೇಗ ಬೇಗ ಹೆಚ್ಚಿತು, ವಿಕಾಸ ಕೆಲವೇ ಸಾವಿರ ವರ್ಷಗಳಲ್ಲಿ ಹೇಗೆ ಕೆಲಸ ಮಾಡುತ್ತದೆ ಅನ್ನುವುದಕ್ಕೆ ಒಳ್ಳೆಯ ಉದಾಹರಣೆ. ನಮ್ಮ ಮೂವರಲ್ಲಿ ಯಾರಿಗೂ ಅದಿಲ್ಲ. ವರದಿ "ಹಾಲು ಬಿಡಿ" ಅನ್ನುವ ಧಾಟಿಯಲ್ಲಿ ಬರೆದಿದೆ. ಅಮ್ಮ ದಿನಾ ಕಾಫಿ ಕುಡಿಯುತ್ತಾರೆ, ಮೊಸರು ಮಜ್ಜಿಗೆ ಇಲ್ಲದೆ ಊಟ ಮುಗಿಸುವುದಿಲ್ಲ, ಯಾವ ತೊಂದರೆಯೂ ಇಲ್ಲ. ಸ್ವಲ್ಪ ಸ್ವಲ್ಪ ಹಾಲು ಹೆಚ್ಚಿನವರಿಗೆ ಒಗ್ಗುತ್ತದೆ, ಮೊಸರಾದಾಗ ಸಕ್ಕರೆಯ ಒಂದಷ್ಟು ಭಾಗವನ್ನು ಬ್ಯಾಕ್ಟೀರಿಯಾ ಮೊದಲೇ ಕರಗಿಸಿರುತ್ತವೆ. ಜೀನ್ ನೋಡಿ ಅಡುಗೆಮನೆ ಬದಲಾಯಿಸುವ ಮೊದಲು ಹೊಟ್ಟೆಯನ್ನು ಕೇಳಬೇಕು.

ನಿಯಾಂಡರ್ತಾಲ್ ಪಾಲಿನ ಒಂದು ಪುಟವೂ ಇದೆ. ಆಫ್ರಿಕಾದಿಂದ ಹೊರಗಿನ ಎಲ್ಲರಲ್ಲೂ ಸುಮಾರು ಶೇ 2ರಷ್ಟು ಆ ಹಳೆಯ ಮನುಷ್ಯರ ಡಿಎನ್‌ಎ ಇದೆ, ಇದನ್ನು ತಿಳಿಸಿದ ಕೆಲಸಕ್ಕೇ ಸ್ವಾಂಟೆ ಪಾಬೊಗೆ 2022ರ ನೊಬೆಲ್ ಬಂತು. ಕೋವಿಡ್ ತೀವ್ರವಾಗುವ ಅಪಾಯ ಹೆಚ್ಚಿಸುವ ಒಂದು ತುಂಡು ನಿಯಾಂಡರ್ತಾಲರಿಂದ ಬಂದದ್ದು ಅಂತ ಅವರೂ ಹ್ಯೂಗೊ ಝೆಬರ್ಗ್ ಅವರೂ 2020ರಲ್ಲಿ ಹೇಳಿದ್ದರು, ದಕ್ಷಿಣ ಏಷ್ಯಾದಲ್ಲಿ ಸುಮಾರು ಅರ್ಧ ಜನರಲ್ಲಿ ಅದು ಇದೆ. ನಮಗೆ ನೇರವಾಗಿ ಸಂಬಂಧಿಸಿದ ಈ ವಿಷಯ ಬಿಟ್ಟು, ಸರಾಸರಿಗಿಂತ ನಿಮ್ಮಲ್ಲಿ ನಿಯಾಂಡರ್ತಾಲ್ ಪಾಲು ಇಷ್ಟು ಜಾಸ್ತಿ ಅಂತ ಒಂದು ಪದಕದ ಚಿತ್ರ ಹಾಕಿದ್ದಾರೆ.

ಆರೋಗ್ಯದ ಭಾಗ ಮಾತ್ರ ಹಗುರವಾಗಿ ತಗೊಳ್ಳುವಂಥದ್ದಲ್ಲ. ನನಗೆ "ಹೃದ್ರೋಗದ ಅಪಾಯ ಸಾಮಾನ್ಯ" ಅಂತ ಹಸಿರು ಬಣ್ಣದಲ್ಲಿ ಬಂತು. ಆ ಅಂಕ ಲೆಕ್ಕ ಹಾಕುವುದು ಸಾವಿರಾರು ಸಣ್ಣ ಬದಲಾವಣೆಗಳನ್ನು ಕೂಡಿಸಿ, ಆ ಕೂಡುವ ಸೂತ್ರ ಬಂದಿರುವುದು ಹೆಚ್ಚಾಗಿ ಯುರೋಪಿಯನ್ನರಿಂದ, ನಮ್ಮ ಮೇಲೆ ಅದು ಅಷ್ಟು ನಿಖರವಾಗಿ ಕೂರುವುದಿಲ್ಲ. ಇನ್ನೊಂದು ಕಡೆ, ಹೃದಯದ ಸ್ನಾಯುವಿನ ಎಂವೈಬಿಪಿಸಿ3 ಅನ್ನುವ ಜೀನಿನಲ್ಲಿ 25 ಅಕ್ಷರ ಬಿಟ್ಟುಹೋದ ಒಂದು ಬದಲಾವಣೆ ದಕ್ಷಿಣ ಏಷ್ಯಾದವರಲ್ಲಿ ಶೇ 4ರಷ್ಟು ಜನರಲ್ಲಿದೆ, ವಯಸ್ಸಾದ ಮೇಲೆ ಹೃದಯ ಸೋಲುವ ಅಪಾಯವನ್ನು ಹೆಚ್ಚಿಸುತ್ತದೆ ಅಂತ 2009ರಲ್ಲೇ ಪ್ರಕಟವಾಗಿದೆ. ಇಷ್ಟು ಜನರಲ್ಲಿರುವ ಇದು ನಮ್ಮ ಕಿಟ್‌ನ ಪಟ್ಟಿಯಲ್ಲೇ ಇಲ್ಲ. ಸ್ತನ ಕ್ಯಾನ್ಸರ್ ವಿಷಯದಲ್ಲೂ ಅಷ್ಟೇ, ಬಿಆರ್‌ಸಿಎ ಜೀನುಗಳಲ್ಲಿ ಸಾವಿರಾರು ಬದಲಾವಣೆಗಳಿವೆ, ಇಂಥ ಚಿಪ್ ನೋಡುವುದು ಬೆರಳೆಣಿಕೆಯಷ್ಟನ್ನು. "ಏನೂ ಕಂಡುಬಂದಿಲ್ಲ" ಅಂತ ಬಂದರೆ ಅಮ್ಮ ಚಿಕ್ಕಮ್ಮಂದಿರಿಗೆ ಕ್ಯಾನ್ಸರ್ ಆಗಿರುವ ಹೆಣ್ಣುಮಗಳು ನಿರಾಳವಾಗಿ ಕೂರಬಾರದು. ಹಾಗೆಯೇ ಚಿಪ್ ಓದಿದ ಕಚ್ಚಾ ಮಾಹಿತಿ ಇಳಿಸಿಕೊಂಡು ಬೇರೆ ವೆಬ್‌ಸೈಟಿಗೆ ಹಾಕಿ ಭಯ ಬೀಳುವವರೂ ಇದ್ದಾರೆ. ಅಮೆರಿಕದ ಒಂದು ಲ್ಯಾಬ್ 2018ರಲ್ಲಿ ಅಂಥ ಕಚ್ಚಾ ಮಾಹಿತಿಯಲ್ಲಿ ಕಂಡ ಬದಲಾವಣೆಗಳನ್ನು ಮರುಪರೀಕ್ಷೆ ಮಾಡಿದಾಗ ಶೇ 40ರಷ್ಟು ಇರಲೇ ಇಲ್ಲ.

ಔಷಧಿಯ ಭಾಗ ಒಂದಿಷ್ಟು ಉಪಯೋಗ. ಹೃದಯಕ್ಕೆ ಸ್ಟೆಂಟ್ ಹಾಕಿದವರಿಗೆ ಕೊಡುವ ಕ್ಲೊಪಿಡೊಗ್ರೆಲ್ ಕೆಲಸ ಮಾಡಬೇಕಾದರೆ ಲಿವರಿನ ಒಂದು ಕಿಣ್ವ ಅದನ್ನು ಬದಲಾಯಿಸಬೇಕು, ಆ ಕಿಣ್ವ ಮಂದ ಇರುವವರು ನಮ್ಮಲ್ಲಿ ಸಾಕಷ್ಟಿದ್ದಾರೆ. ಅದು ವರದಿಯಲ್ಲಿತ್ತು. ಪ್ರಿಂಟ್ ಹಾಕಿ ಡಾಕ್ಟರಿಗೆ ತೋರಿಸಿ, ನೀವೇ ಮಾತ್ರೆ ನಿಲ್ಲಿಸಬೇಡಿ.

ಈಗ ಕೌನ್ಸೆಲಿಂಗ್ ವಿಷಯಕ್ಕೆ ಬರುತ್ತೇನೆ. ಚಿಕ್ಕಮ್ಮನ ಮಗಳಿಗೂ ಸೋದರಮಾವನ ಮಗನಿಗೂ ಮದುವೆ ಮಾತು ಎದ್ದಿತ್ತು. ಇಬ್ಬರಿಗೂ ಇಷ್ಟ. ಅಜ್ಜಿಗೆ ಸಂಭ್ರಮ. ಹುಡುಗಿಯೇ "ಅಕ್ಕಾ, ಒಂದ್ಸಲ ಯಾರನ್ನಾದರೂ ಕೇಳೋಣ" ಅಂದಳು. ಅವರಿಬ್ಬರ ಒಪ್ಪಿಗೆ ತಗೊಂಡೇ ಇದನ್ನು ಬರೆಯುತ್ತಿದ್ದೇನೆ. ಕಿಟ್ ವರದಿಯನ್ನೂ ಹಿಡಿದುಕೊಂಡು ಹೋಗಿದ್ದೆವು. ಕೌನ್ಸೆಲರ್ ಮೇಡಂ ಅದನ್ನು ನೋಡಿ, ಮಡಚಿ ಪಕ್ಕಕ್ಕಿಟ್ಟು, ಒಂದು ದೊಡ್ಡ ಬಿಳಿ ಹಾಳೆ ತೆಗೆದರು. ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ, ಸಂಬಂಧದಲ್ಲೇ ಮದುವೆ ಆಗಿದ್ದರೆ ಜೋಡಿ ಗೆರೆ. ಅಜ್ಜಿ ತನ್ನ ಸೋದರಮಾವನನ್ನೇ ಮದುವೆ ಆಗಿದ್ದು ಅಂತ ಹೇಳಿದಾಗ ಮೊದಲ ಜೋಡಿ ಗೆರೆ ಬಿತ್ತು.

ಆಮೇಲೆ ಕೇಳಿದ ಪ್ರಶ್ನೆಗಳೇ ಇಡೀ ಸೇವೆಯ ಬೆಲೆ. ಹುಟ್ಟಿದ ಕೂಡಲೇ ತೀರಿಕೊಂಡ ಮಕ್ಕಳಿದ್ದಾರಾ? ಯಾರಿಗಾದರೂ ಮೇಲಿಂದ ಮೇಲೆ ಗರ್ಭ ನಿಲ್ಲದೆ ಹೋಗಿತ್ತಾ? ಕಿವಿ ಕೇಳಿಸದವರು, ಕಣ್ಣು ಕಾಣದವರು, ಬುದ್ಧಿ ಬೆಳವಣಿಗೆ ನಿಧಾನ ಇದ್ದವರು? ಅರಿವಳಿಕೆ ಕೊಟ್ಟಾಗ ಏನಾದರೂ ತೊಂದರೆ ಆಗಿತ್ತಾ? ಗೊತ್ತಿಲ್ಲದ್ದಕ್ಕೆ ಅಲ್ಲಿಂದಲೇ ಅಜ್ಜಿಗೆ ಫೋನ್ ಮಾಡಿದೆವು. ತನಗೆ ಇನ್ನೂ ಎರಡು ಮಕ್ಕಳು ಹುಟ್ಟಿ ತೀರಿಕೊಂಡಿದ್ದವು ಅಂತ ಅಜ್ಜಿ ಅವತ್ತು ಹೇಳಿದರು. ನಮ್ಮ ಅಮ್ಮನಿಗೇ ಒಂದರ ವಿಷಯ ಮಾತ್ರ ಗೊತ್ತಿತ್ತು. ದೊಡ್ಡ ಮಾವ ಹುಟ್ಟಿನಿಂದ ಕಿವುಡರು, ಅದಕ್ಕೆ ಅಜ್ಜಿ ಬಸುರಿನಲ್ಲಿ ಜ್ವರ ಬಂದದ್ದು ಕಾರಣ ಅಂತ ಮನೆಯಲ್ಲಿ ಎಲ್ಲರೂ ನಂಬಿದ್ದೆವು.

ಮೇಡಂ ಲೆಕ್ಕ ಬಿಡಿಸಿ ಹೇಳಿದರು. ಯಾರ ಮಗುವಿಗಾದರೂ ಹುಟ್ಟಿನಿಂದ ಗಂಭೀರ ತೊಂದರೆ ಇರುವ ಸಾಧ್ಯತೆ ನೂರಕ್ಕೆ ಎರಡು ಮೂರು. ಮಾವನ ಮಗ, ಅತ್ತೆ ಮಗಳ ನಡುವಿನ ಮದುವೆಯಲ್ಲಿ ಅದರ ಮೇಲೆ ಇನ್ನೊಂದು ಎರಡು ಮೂರು ಸೇರುತ್ತದೆ. ಅಂದರೆ ನೂರರಲ್ಲಿ ತೊಂಬತ್ತೈದರ ಆಸುಪಾಸು ಮಕ್ಕಳು ಆಗಲೂ ಆರೋಗ್ಯವಾಗೇ ಹುಟ್ಟುತ್ತಾರೆ. ಒಂದೊಂದು ಜೀನಿಗೂ ನಮ್ಮಲ್ಲಿ ಅಪ್ಪನದೊಂದು, ಅಮ್ಮನದೊಂದು ಪ್ರತಿ ಇರುತ್ತದೆ. ಆದರೆ ನಮ್ಮ ಮನೆಯಲ್ಲಿ ಹಿಂದಿನ ತಲೆಮಾರಿನಲ್ಲೂ ಒಳಮದುವೆ ಆಗಿದೆ. ಹಾಗಾಗಿ ಇವರ ಮಗುವಿನಲ್ಲಿ ಎರಡೂ ಕಡೆಯಿಂದ ಒಂದೇ ಪ್ರತಿ ಬರುವ ಭಾಗ ಶೇ 6.25ರ ಬದಲು ಸುಮಾರು ಶೇ 7.8. ದೊಡ್ಡ ಮಾವನ ಕಿವುಡುತನ ಅಪ್ಪ ಅಮ್ಮ ಇಬ್ಬರಿಂದಲೂ ಬದಲಾವಣೆ ಇರುವ ಒಂದೊಂದು ಪ್ರತಿ ಬಂದು ಆದದ್ದಾದರೆ, ಅವರ ಒಡಹುಟ್ಟಿದವರಲ್ಲಿ ಕಿವಿ ಕೇಳುವವರು ಒಂದು ಪ್ರತಿ ಹೊತ್ತಿರುವ ಸಾಧ್ಯತೆ ಮೂರರಲ್ಲಿ ಎರಡು, ಅವರ ಮಕ್ಕಳು ಹೊತ್ತಿರುವ ಸಾಧ್ಯತೆ ಮೂರರಲ್ಲಿ ಒಂದು. ಇಬ್ಬರೂ ಹೊತ್ತಿದ್ದು, ಮಗುವಿಗೆ ಎರಡೂ ಹೋಗುವ ಸಾಧ್ಯತೆ 36ರಲ್ಲಿ ಒಂದು. ಇದನ್ನೆಲ್ಲ ಅವರು ಪೆನ್ನು ಹಿಡಿದು, ಕನ್ನಡದಲ್ಲಿ, ಚಿಕ್ಕಮ್ಮನಿಗೆ ಅರ್ಥ ಆಗುವ ತನಕ ಹೇಳಿದರು. ಮದುವೆ ಮಾಡಿ ಅಂತಲೂ ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಹುಡುಗ ಹುಡುಗಿಯನ್ನು ಸ್ವಲ್ಪ ಹೊತ್ತು ಬೇರೆಯಾಗಿ ಕೂರಿಸಿ ಮಾತಾಡಿಸಿದ್ದು ನನಗೆ ತುಂಬಾ ಹಿಡಿಸಿತು.

ಮೊದಲು ಪರೀಕ್ಷೆ ಮಾಡಿಸಬೇಕಾದ್ದು ದೊಡ್ಡ ಮಾವನನ್ನು ಅಂದರು. ತೊಂದರೆ ಇರುವವರಲ್ಲಿ ಯಾವ ಬದಲಾವಣೆ ಇದೆ ಅಂತ ಗೊತ್ತಾದರೆ ಉಳಿದವರಲ್ಲಿ ಅದೊಂದನ್ನೇ ಹುಡುಕಬಹುದು, ಖರ್ಚೂ ಕಡಿಮೆ. ಮಾವನಿಗೆ ಇಷ್ಟ ಇದೆಯಾ ಅಂತ ಅವರನ್ನೇ ಕೇಳಬೇಕು, ನೀವು ತೀರ್ಮಾನ ಮಾಡುವುದಲ್ಲ ಅಂತಲೂ ಹೇಳಿದರು. ಅತ್ತೆ ಸನ್ನೆಯಲ್ಲಿ ಹೇಳಿದ ಮೇಲೆ ಮಾವ ಒಪ್ಪಿದರು. ಜಿಜೆಬಿ2 ಅನ್ನುವ ಜೀನಿನಲ್ಲಿ ಭಾರತದಲ್ಲಿ ಸಾಮಾನ್ಯವಾಗಿ ಕಾಣುವ ಬದಲಾವಣೆಯೇ ಇತ್ತು, ಎರಡೂ ಪ್ರತಿಯಲ್ಲಿ. ಹುಡುಗಿ ಒಂದು ಪ್ರತಿ ಹೊತ್ತಿದ್ದಾಳೆ. ಹುಡುಗನಲ್ಲಿ ಇಲ್ಲ. ಆ ಒಂದು ಬದಲಾವಣೆಯ ಮಟ್ಟಿಗೆ ಮಗುವಿಗೆ ಎರಡು ಪ್ರತಿ ಹೋಗುವ ದಾರಿ ಇಲ್ಲ ಅಂತ ಆಯಿತು. ಅಜ್ಜಿಗೆ ಈ ವಿಷಯ ಹೇಳಿದಾಗ ಅವರು ಕೇಳಿದ್ದು ಒಂದೇ, "ಹಾಗಾದ್ರೆ ನನ್ನ ಜ್ವರದಿಂದ ಅಲ್ವಾ?" ಅಲ್ಲ ಅಜ್ಜಿ ಅಂದೆ. ಅಷ್ಟು ವರ್ಷ ಅವರು ಅದನ್ನು ಹೊತ್ತುಕೊಂಡಿದ್ದರು ಅಂತ ನಮಗೆ ಯಾರಿಗೂ ಗೊತ್ತಿರಲಿಲ್ಲ.

ಜೊತೆಗೆ ಇಬ್ಬರಿಗೂ ಎಚ್‌ಪಿಎಲ್‌ಸಿ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ಕೆಲವು ನೂರು ರೂಪಾಯಿಯಲ್ಲಿ ಆಗುತ್ತದೆ. ಥಲಸ್ಸೇಮಿಯಾ ಅನ್ನುವ ರಕ್ತದ ಕಾಯಿಲೆಯ ಒಂದು ಪ್ರತಿ ಹೊತ್ತವರು, ಸಿಕಲ್ ಸೆಲ್ (ಕೆಂಪು ರಕ್ತಕಣ ಕುಡುಗೋಲಿನ ಆಕಾರಕ್ಕೆ ತಿರುಗುವ ಕಾಯಿಲೆ) ಹೊತ್ತವರು ಇದರಲ್ಲಿ ಗೊತ್ತಾಗುತ್ತಾರೆ. ಭಾರತದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಥಲಸ್ಸೇಮಿಯಾ ಹೊತ್ತವರು. ಇಬ್ಬರೂ ಹೊತ್ತವರಾದರೆ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಸಾಧ್ಯತೆ ಮಗುವಿಗೆ ಜೀವಮಾನವಿಡೀ ರಕ್ತ ಕೊಡಿಸಬೇಕಾಗುವ ಕಾಯಿಲೆ. ಸಂಬಂಧದಲ್ಲಿ ಮದುವೆ ಆಗಲಿ ಆಗದಿರಲಿ, ಮದುವೆಗೆ ಮುಂಚೆ ಎಲ್ಲರೂ ಮಾಡಿಸಬೇಕಾದ ಪರೀಕ್ಷೆ ಇದು. ಸಿಕಲ್ ಸೆಲ್ ಚಾಮರಾಜನಗರ, ಮೈಸೂರು, ಕೊಡಗಿನ ಕಾಡಂಚಿನ ಸಮುದಾಯಗಳಲ್ಲಿ ಕಾಣುತ್ತದೆ. ಒಂದು ಪ್ರತಿ ಇದ್ದವರಿಗೆ ಮಲೇರಿಯಾದಿಂದ ರಕ್ಷಣೆ ಸಿಗುವುದರಿಂದ ಮಲೇರಿಯಾ ಇದ್ದ ಕಡೆಗಳಲ್ಲಿ ಅದು ಉಳಿದುಕೊಂಡಿತು, ಎರಡು ಪ್ರತಿ ಸೇರಿದ ಮಗು ಅದರ ಬೆಲೆ ತೆರುತ್ತದೆ. 2023ರಲ್ಲಿ ಶುರುವಾದ ರಾಷ್ಟ್ರೀಯ ಅಭಿಯಾನದಲ್ಲಿ ಬುಡಕಟ್ಟು ಪ್ರದೇಶಗಳಲ್ಲಿ ಇದರ ಪರೀಕ್ಷೆ ಉಚಿತ.

"ನಮ್ಮಲ್ಲಿ ಒಳಮದುವೆ ಇಲ್ಲ, ನಮಗೇಕೆ ಇದು" ಅನ್ನುವವರಿಗೆ ಒಂದು ಮಾತು. 2017ರ ಒಂದು ಅಧ್ಯಯನ ದಕ್ಷಿಣ ಏಷ್ಯಾದ 263 ಸಮುದಾಯಗಳನ್ನು ನೋಡಿ, ಅದರಲ್ಲಿ 81ರಲ್ಲಿ ಕೆಲವೇ ಪೂರ್ವಿಕರಿಂದ ಬೆಳೆದುಬಂದ ಗುರುತು ಇದಕ್ಕೆ ಹೆಸರಾದ ಫಿನ್ಲೆಂಡಿನವರಿಗಿಂತ, ಯುರೋಪಿನ ಅಶ್ಕೆನಾಝಿ ಯಹೂದಿಗಳಿಗಿಂತ ಬಲವಾಗಿದೆ ಅಂದಿತು. ಅದರಲ್ಲಿ ವೈಶ್ಯ ಸಮುದಾಯದ ಉದಾಹರಣೆ ಕೊಟ್ಟಿದ್ದಾರೆ. ಆಪರೇಷನ್ ವೇಳೆ ಕೊಡುವ ಸಕ್ಸಿನೈಲ್‌ಕೋಲಿನ್ ಅನ್ನುವ ಸ್ನಾಯು ಸಡಿಲಿಸುವ ಔಷಧಿಯನ್ನು ಕರಗಿಸುವ ಕಿಣ್ವ ಕೆಲವರಲ್ಲಿ ಇರುವುದಿಲ್ಲ, ಔಷಧಿಯ ಪರಿಣಾಮ ಬೇಗ ಇಳಿಯುವುದಿಲ್ಲ, ಉಸಿರಾಟಕ್ಕೆ ತೊಂದರೆ ಆಗುತ್ತದೆ. ವೈಶ್ಯರಲ್ಲಿ ಇದು ಬೇರೆಯವರಿಗಿಂತ ತುಂಬಾ ಜಾಸ್ತಿ. ಅರಿವಳಿಕೆ ಡಾಕ್ಟರಿಗೆ ಮೊದಲೇ ಹೇಳಿದರೆ ಬೇರೆ ಔಷಧಿ ಕೊಡುತ್ತಾರೆ, ಅಪಾಯ ತಪ್ಪುತ್ತದೆ. ಇದರಲ್ಲಿ ಯಾವ ಜಾತಿಗೂ ಕಳಂಕ ಇಲ್ಲ, ಪ್ರತಿಯೊಂದು ಸಮುದಾಯದಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ.

ಕರ್ನಾಟಕದಲ್ಲಿ ಇದು ಸಣ್ಣ ವಿಷಯವಲ್ಲ. 1980ರ ದಶಕದಲ್ಲಿ ಬೆಂಗಳೂರು, ಮೈಸೂರಿನಲ್ಲಿ ಹೆರಿಗೆಗೆ ಬಂದವರಲ್ಲಿ ನಡೆದ ದೊಡ್ಡ ಸಮೀಕ್ಷೆಯಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ಸಂಬಂಧದೊಳಗೇ ಆಗಿತ್ತು, ಅದರಲ್ಲಿ ದೊಡ್ಡ ಪಾಲು ಸೋದರಮಾವ ಅಕ್ಕನ ಮಗಳ ಮದುವೆ. ಸಾಗರ ತಾಲೂಕಿನ ಹಂದಿಗೋಡು ಕಾಯಿಲೆಯನ್ನೂ ನೆನೆಯಬೇಕು. 1970ರ ದಶಕದಲ್ಲಿ ಕೀಲು ಸವೆದು ನಡೆಯಲಾಗದೆ ಹೋದ ಬಡ ಕೂಲಿ ಕುಟುಂಬಗಳು. ಗದ್ದೆಗೆ ಹೊಡೆದ ಕೀಟನಾಶಕ, ಅದೇ ಗದ್ದೆಯ ಏಡಿ ತಿಂದದ್ದು ಕಾರಣ ಅಂತ ಮೊದಲು ಶಂಕೆ ಇತ್ತು. ಕುಟುಂಬಗಳ ತಲೆಮಾರಿನ ಪಟ್ಟಿ ಬರೆದಾಗ ಅದು ಅಪ್ಪ ಅಮ್ಮನಲ್ಲಿ ಒಬ್ಬರಿಂದ ಬಂದರೂ ಸಾಕಾಗುವ ಅನುವಂಶಿಕ ಕಾಯಿಲೆ ಅಂತ ಕಂಡಿತು. ಮೇಡಂ ಬರೆದಂಥದ್ದೇ ಚೌಕ ವೃತ್ತಗಳ ಹಾಳೆ ಅದಕ್ಕೂ ಬೇಕಾಗಿದ್ದು.

ಕೌನ್ಸೆಲಿಂಗ್‌ನಲ್ಲಿ ಅರ್ಧ ಅಂಕ ಕಡಿದದ್ದು ಯಾಕೆ ಅಂದರೆ, ಕಾಯುವುದು ವಿಪರೀತ. ಅಪಾಯಿಂಟ್‌ಮೆಂಟ್ ಇದ್ದರೂ ಮಧ್ಯಾಹ್ನದವರೆಗೆ ಕೂತಿದ್ದೆವು. ಲಿಖಿತ ವರದಿ ಇಂಗ್ಲಿಷಿನಲ್ಲೇ. ಇಂಥ ಕೌನ್ಸೆಲರ್‌ಗಳು ದೊಡ್ಡ ಊರುಗಳಲ್ಲಿ ಮಾತ್ರ ಸಿಗುತ್ತಾರೆ. ಬೆಂಗಳೂರಿನಲ್ಲಿ ಎಲೆಕ್ಟ್ರಾನಿಕ್ಸ್ ಸಿಟಿಯ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ಮಕ್ಕಳಿಗಾದರೆ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ, ಕರಾವಳಿಯವರಿಗೆ ಮಣಿಪಾಲದ ಕೆಎಂಸಿ, ಇಲ್ಲೆಲ್ಲ ಜೆನೆಟಿಕ್ಸ್ ವಿಭಾಗಗಳಿವೆ. ಕಲಬುರಗಿ, ಬೀದರ್ ಕಡೆಯವರು ಇದಕ್ಕಾಗಿ ಎಷ್ಟು ದೂರ ಬರಬೇಕು ಯೋಚಿಸಿ. ಜಿಲ್ಲಾಸ್ಪತ್ರೆಗೊಬ್ಬ ಕೌನ್ಸೆಲರ್ ಬೇಕೇಬೇಕು.

ಕಿಟ್ ತಗೊಂಡೇ ತೀರುತ್ತೇನೆ ಅನ್ನುವವರು ಮಾಹಿತಿಯ ಸುರಕ್ಷತೆ ನೋಡಿಕೊಳ್ಳಿ. 23ಆ್ಯಂಡ್‌ಮಿ ಇಂಥ ಕಿಟ್ ಮಾರುವ ಅಮೆರಿಕದ ಬಹಳ ದೊಡ್ಡ ಕಂಪನಿ ಆಗಿತ್ತು. 2023ರಲ್ಲಿ ಸುಮಾರು 69 ಲಕ್ಷ ಜನರ ಮಾಹಿತಿ ಅಲ್ಲಿಂದ ಕಳ್ಳರ ಕೈಗೆ ಹೋಯಿತು, 2025ರ ಮಾರ್ಚಿನಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು, ಜನರ ಡಿಎನ್‌ಎ ಮಾಹಿತಿ ಆಸ್ತಿಯ ಜೊತೆ ಮಾರಾಟದ ಪಟ್ಟಿಗೆ ಬಂತು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಬಹುದು, ಡಿಎನ್‌ಎ ಬದಲಾಯಿಸಲಾಗದು. ನಿಮ್ಮದು ಸೋರಿದರೆ ನಿಮ್ಮ ಅಣ್ಣತಮ್ಮಂದಿರದೂ ಅರ್ಧ ಸೋರಿದಂತೆ. 2018ರಲ್ಲಿ ಕ್ಯಾಲಿಫೋರ್ನಿಯಾ ಪೊಲೀಸರು ದಶಕಗಳ ಹಿಂದಿನ ಸರಣಿ ಕೊಲೆಗಾರನನ್ನು ಹಿಡಿದದ್ದು ಅವನ ದೂರದ ನೆಂಟರು ವೆಬ್‌ಸೈಟಿಗೆ ಹಾಕಿದ್ದ ಡಿಎನ್‌ಎಯಿಂದ. ಆ ಕೊಲೆಗಾರ ಸಿಕ್ಕಿದ್ದು ಒಳ್ಳೆಯದೇ, ಆದರೆ ನೀವು ಕೊಟ್ಟ ಒಪ್ಪಿಗೆ ನಿಮ್ಮೊಬ್ಬರಲ್ಲಿ ನಿಲ್ಲುವುದಿಲ್ಲ ಅಂತ ಅದರಿಂದ ಗೊತ್ತಾಗುತ್ತದೆ. ವರದಿ ಬಂದ ಮೇಲೆ ಮಾಹಿತಿ ಇಳಿಸಿಟ್ಟುಕೊಂಡು, ಖಾತೆ ಅಳಿಸಿ, ಉಳಿದ ಉಗುಳನ್ನೂ ನಾಶ ಮಾಡಿ ಅಂತ ಬರೆದು ಕೇಳಿ. ನಮ್ಮ ಮೂವರದೂ ಹಾಗೇ ಮಾಡಿಸಿದ್ದೇವೆ. ಖಾತೆ ಅಳಿಸುವ ಬಟನ್ ಸುಲಭಕ್ಕೆ ಸಿಗುವುದಿಲ್ಲ, ಕಸ್ಟಮರ್ ಕೇರ್‌ಗೆ ಮೇಲಿಂದ ಮೇಲೆ ಮೇಲ್ ಹಾಕಬೇಕಾಯಿತು.

ಕೌನ್ಸೆಲಿಂಗ್‌ಗೆ ಹೋಗುವವರು ಕಿಟ್ ವರದಿ ಒಯ್ಯದಿದ್ದರೂ ನಡೆಯುತ್ತದೆ. ಎರಡೂ ಕಡೆಯ ಅಜ್ಜ ಅಜ್ಜಿಯವರೆಗೆ ಹೆಸರು, ಯಾರು ಯಾರಿಗೆ ಹೇಗೆ ಸಂಬಂಧ, ತೀರಿಹೋದ ಮಕ್ಕಳು, ಅವರಿಗೆ ಏನಾಗಿತ್ತು, ಇಷ್ಟನ್ನು ಹಿರಿಯರ ಜೊತೆ ಕೂತು ಬರೆದುಕೊಳ್ಳಿ. ಹಳೆಯ ಡಿಸ್ಚಾರ್ಜ್ ಕಾರ್ಡ್, ಬ್ಲಡ್ ರಿಪೋರ್ಟ್ ಇದ್ದರೆ ಹಾಕಿಕೊಳ್ಳಿ. ಮೊದಲ ಭೇಟಿಗೆ ಫೀಸು ನಮಗೆ ಸಾವಿರದ ಆಸುಪಾಸು ಆಯಿತು, ಮನೆಯವರು ಎಷ್ಟು ಜನ ಬೇಕಾದರೂ ಜೊತೆಯಲ್ಲಿ ಕೂರಬಹುದು. ಸಾಧ್ಯವಿದ್ದರೆ ಅಜ್ಜಿಯನ್ನೇ ಕರೆದುಕೊಂಡು ಹೋಗಿ. ಆಗದಿದ್ದರೆ ಅವರ ಫೋನ್ ಚಾರ್ಜ್ ಇದೆಯಾ ಅಂತ ಬೆಳಗ್ಗೆಯೇ ನೋಡಿಟ್ಟು ಹೊರಡಿ.